ಬಲಗೈಯ ಉಗುರು

ನಮ್ಮ ಯಜಮಾನರ ಬಲಗೈ ಉಗುರು ನನ್ನ ಉಗುರಿಗಿಂತ ಚೆನ್ನಾಗಿದ್ದವು. ಎಡಗೈಯವನ್ನು ಬುಡಕ್ಕೆ ಕತ್ತರಿಸಿ ಎಸೆಯುತ್ತಿದ್ದರು; ಬಲಗೈಯವನ್ನು ಮಾತ್ರ ಜನ ಗಿಳಿ ಸಾಕುವ ಹಾಗೆ ಸಾಕುತ್ತಿದ್ದರು. ಗಿಟಾರಿನ ತಂತಿ ಮೀಟುವುದು ಅವುಗಳಿಂದಲೇ. ಮುರಿಯಬಾರದೆಂದು ನನ್ನ ಉಗುರುಬಣ್ಣವನ್ನೇ ಕದ್ದು ಪದರದ ಮೇಲೆ ಪದರ ಬಳಿಯುತ್ತಿದ್ದರು. ಕೆಲಸ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವುದು. ಕಿಂಡಿಯಿಂದ ಗುಲಾಬಿ ಉಗುರಿನ ಕೈ ಹೊರಬಂದರೆ ಜನ "ಥ್ಯಾಂಕ್ಸ್ ಮೇಡಂ" ಅನ್ನುತ್ತಿದ್ದರು. ಬಗ್ಗಿ ನೋಡಿದರೆ ಒಳಗೆ ಮೀಸೆ.

ಉಗುರಿನ ಹೆಸರಿನಲ್ಲಿ ಮನೆಗೆಲಸವೆಲ್ಲ ಮಾಫಿ. ಪಾತ್ರೆ ಮುಟ್ಟುವುದಿಲ್ಲ, ಬಿಗಿಯಾದ ಡಬ್ಬಿಯ ಮುಚ್ಚಳ ತೆಗೆಯುವುದಿಲ್ಲ. ನಮ್ಮತ್ತೆ, "ಒಬ್ಬಳೇ ಸೊಸೇನ ತಂದೆ ಅಂದ್ಕೊಂಡಿದ್ದೆ, ಮನೇಲಿ ಇಬ್ಬರಿದೀರಿ" ಅನ್ನುತ್ತಿದ್ದರು.

ಹಾಡನ್ನು ಅವರೇ ಕಟ್ಟುತ್ತಿದ್ದರು. ಬ್ಲೂಸ್ ಅಂತೆ, ದುಃಖದ ಹಾಡು. ಇವರ ದುಃಖ ಅಂದರೆ ಸೋರುವ ನಲ್ಲಿ, ಹಲ್ಲುನೋವು, ನನ್ನ ಸಿಟ್ಟು. ಮೊದಲ ಸಾಲು ಎರಡು ಸಲ ಬರಲೇಬೇಕು.

"ಹೇಳಿದ್ದನ್ನೇ ಯಾಕ್ರೀ ಮತ್ತೆ ಹೇಳ್ತೀರಿ?"

"ಒಂದು ಸಲ ಹೇಳಿದ್ರೆ ನೀನು ಯಾವತ್ತು ಕೇಳಿದೀಯ?"

ಕೇಳುವವರು ಮೂಲೆಯ ಕಾಫಿ ಅಂಗಡಿಯ ಏಳೆಂಟು ಜನ. ಅವರಲ್ಲೂ ಕೆಲವರು ಮಳೆ ನಿಲ್ಲಲಿ ಅಂತ ಕೂತವರು.

ಅಲ್ಲಿಗೆ ಬಂದಿದ್ದ ಒಬ್ಬ ರೆಕಾರ್ಡಿಂಗ್‌ನವನು ಹಾಡು ಮೆಚ್ಚಿ, ಒಂದು ಮಧ್ಯಾಹ್ನ ತನ್ನ ಸ್ಟುಡಿಯೋ ಬಿಟ್ಟುಕೊಡುತ್ತೇನೆಂದ. ಆಮೇಲೆ ಅದನ್ನು ಮುಚ್ಚಿ ಊರು ಬಿಡುವವನಿದ್ದ. ಅಷ್ಟು ವರ್ಷದ ಹಾಡು ಒಂದೂ ಎಲ್ಲೂ ಉಳಿದಿರಲಿಲ್ಲ. ಅವರ ಬಾಯಲ್ಲಿತ್ತು, ಅವರು ಹೋದರೆ ಹೋಯಿತು. ನನಗೆ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲ. ಅವರು ಗೊರಕೆ ಹೊಡೆದರು.

ಸ್ಟುಡಿಯೋಗೆ ಹೋಗುವಾಗ ಬಸ್ಸಿನಲ್ಲಿ ಎದುರಿನ ಕೂಸಿಗೆ ಗಾಳಿ ಬಡಿಯುತ್ತಿತ್ತು. ನನಗಾಗಿ ಒಂದು ಮುಚ್ಚಳ ತೆಗೆಯದ ಮಹಾನುಭಾವರು ಎದ್ದು ಕಿಟಕಿ ಎಳೆದು ಮುಚ್ಚಿದರು. ಹೆಬ್ಬೆರಳು, ತೋರುಬೆರಳು, ಎರಡರ ಉಗುರೂ ಪಟ್ ಅಂದವು.

ಇದಕ್ಕೆ ಗಿಟಾರಿನವರಲ್ಲಿ ಒಂದು ಮದ್ದಿದೆ. ಟೇಬಲ್ ಟೆನ್ನಿಸ್ ಚೆಂಡನ್ನು ಕತ್ತರಿಸಿ, ಆ ಚೂರನ್ನು ಉಗುರಿನ ಮೇಲೆ ಅಂಟಿಸುವುದು. ಚೆಂಡು, ಕತ್ತರಿ, ಗಳಿಗೆಯಲ್ಲಿ ಹಿಡಿಯುವ ಅಂಟು ಕೊಂಡು ಸ್ಟುಡಿಯೋ ಮೆಟ್ಟಿಲ ಮೇಲೆ ಕೂತೆವು. ನಾನು ಕತ್ತರಿಸಿದೆ, ಅವರು ಅಂಟು ಸುರಿದರು. ಒಣಗಿತೋ ಇಲ್ಲವೋ ನೋಡೋಣವೆಂದು ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿದರು. ಒಣಗಿತು. ಎರಡೂ ಸೇರಿಯೇ ಒಣಗಿದವು.

"ಎಳೀರಿ ಅತ್ಲಾಗೆ!"

"ಚರ್ಮ ಕಿತ್ತು ಬರುತ್ತೆ ಕಣೇ!"

ಒಳಗಿನವನು ಆ ಕೈ ನೋಡಿ, "ಏನ್ ಸಾರ್, ನಶ್ಯ ಏರಿಸ್ತಿದೀರಾ?" ಅಂದ. ವಿಷಯ ತಿಳಿದ ಮೇಲೆ ಗಡಿಯಾರ ನೋಡಿದ. "ಸಂಜೆ ಲಾರಿ ಬರುತ್ತೆ ಸಾರ್. ಹಾಡಿದ್ರೆ ಈಗ, ಇಲ್ಲಾಂದ್ರೆ ಇಲ್ಲ."

ಇವರು ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡರು. ತಂತಿಯ ಗೊಡವೆಗೆ ಹೋಗಲಿಲ್ಲ. ಅಂಟಿದ ಕೈಯ ಗೆಣ್ಣಿನಿಂದ ಅದರ ಮರದ ಮೇಲೆ ಟಕ್ ಟಕ್ ಬಡಿಯುತ್ತಾ ಒಂದಾದ ಮೇಲೊಂದು ಹಾಡಿದರು. ಲಾರಿ ಬರುವವರೆಗೂ ಹಾಡಿದರು.

ಹೊರಗೆ ಬಂದು, "ಹಾಳಾಯ್ತು. ಮುಂದಿನ ಸಲ ಸರಿಯಾಗಿ ಹಾಡ್ತೀನಿ ಬಿಡು" ಅಂದರು. ಬದುಕಿರುವ ತನಕ ಮನೆಯಲ್ಲಿ ಆ ರೆಕಾರ್ಡಿಂಗ್ ಹಾಕಲು ಬಿಡಲಿಲ್ಲ. ಮುಂದಿನ ಸಲ ಬರಲಿಲ್ಲ. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು.

ಈಗ ಹಾಕುತ್ತೇನೆ. ಮೊದಲು ಬರುವುದು ಆ ಟಕ್ ಟಕ್. ಎಷ್ಟೋ ಸಲ ಎದ್ದು ಹೋಗಿ ಬಾಗಿಲು ತೆಗೆದಿದ್ದೇನೆ.

ಇಂಥ ಹಾಡುಗಾರರು ಎಲ್ಲ ಊರಲ್ಲೂ ಒಬ್ಬಿಬ್ಬರು ಇರುತ್ತಾರೆ, ಯಾರಿಗೂ ಹೆಸರು ಗೊತ್ತಿರುವುದಿಲ್ಲ. ತಮ್ಮ ಒಳ್ಳೆಯ ಹಾಡು ಇನ್ನೂ ಮುಂದಿದೆ ಅಂದುಕೊಂಡೇ ಬದುಕುತ್ತಾರೆ, ಅದನ್ನು ಹಾಡದೆ ಹೋಗಿಬಿಡುತ್ತಾರೆ. ಅವರು ಹಾಳಾಯಿತು ಅಂದದ್ದಷ್ಟೇ ನಮ್ಮ ಪಾಲಿಗೆ ಬರುವುದು. ಅದರಲ್ಲಿ ಏನು ಹಾಳಾಗಿದೆ ಅಂತ ತಿಳಿಯುವಷ್ಟು ಸಂಗೀತ, ಪುಣ್ಯಕ್ಕೆ, ನಮಗೆ ಬರುವುದಿಲ್ಲ.