ಫೋನಲ್ಲೇ ಮನೆ ನೋಡಿದ್ದು

ಇದ್ರಲ್ಲಿ ಒಂದಕ್ಷರ ಸುಳ್ಳಿದ್ರೂ ನಮ್ಮ ತೆಂಗಿನ ಮರದಲ್ಲಿ ಇನ್ಮೇಲೆ ಸೀಬೆಕಾಯಿ ಬಿಡ್ಲಿ. ಮಂಡೀಲಿ ಮೂಟೆ ಹೊರೋ ನಾನೇ ಅವತ್ತು ಫೋನ್ ಹಿಡ್ಕಂಡು ನಿಂತಿದ್ದು.

ಅರಸೀಕೆರೆ ಕೊಬ್ಬರಿ ಮಂಡಿ ದೇವೀರಪ್ಪನೋರ ಮೊಮ್ಮಗಳು ಶರ್ಮಿಳಾ ಡಾಕ್ಟ್ರು ಓದಕ್ಕೆ ಅಂತ ಹೊರದೇಶಕ್ಕೆಲ್ಲ ಅರ್ಜಿ ಹಾಕಿದ್ಲು. ಎಲ್ಲಾ ಕಡೆ ಆಗಲ್ಲ ಅಂದ್ರು. ಉಳಿದಿದ್ದು ಜಾರ್ಜಿಯಾದ್ದೊಂದೇ ಕಾಲೇಜು. ಅಲ್ಲಿಯ ಮೇಡಮ್ಮು ಫೋನಲ್ಲಿ ಮುಖ ನೋಡಿ ಮಾತಾಡ್ಸ್ತಾರಂತೆ ಅಂದಾಗ ದೇವೀರಪ್ಪನೋರು, "ಹೆಣ್ಣು ನೋಡಕ್ಕೆ ಬತ್ತಾವ್ರೆ ಅನ್ನು" ಅಂದ್ರು. ಸರಿ, ಅವ್ರ ಹೆಂಡ್ತಿ ಕಮಲಾಕ್ಷಮ್ಮನೋರು ಮೊಮ್ಮಗಳಿಗೆ ರೇಷ್ಮೆ ಸೀರೆ ಉಡ್ಸಿ, ಮೊಳಗಟ್ಟಲೆ ಮಲ್ಲಿಗೆ ಮುಡ್ಸಿ, ಫೋನಿನ ಮುಂದೆ ಒಂದು ತಟ್ಟೆ ಕೇಸರಿಬಾತೂ ಇಟ್ರು.

"ಅಜ್ಜೀ, ಇದು ಇಂಟರ್‌ವ್ಯೂ ಕಣಜ್ಜೀ!"

"ಸುಮ್ಕಿರೇ. ಹೆಣ್ಣಿನ ಕಡೆಯೋರು ನಾವು, ಲಕ್ಷಣವಾಗಿರ್ಬೇಕು."

ಹುಡುಗಿ ಪಟಪಟ ಅಂತ ಉತ್ರ ಹೇಳಿದ್ಲು. ಕೊನೇಗೆ ಮೇಡಮ್ಮು, ನೀವೇನಾದ್ರೂ ಕೇಳೋದೈತಾ ಅಂದ್ರು. ತಾತ ಕನ್ನಡಕ ಸಮೇತ ಫೋನಿನೊಳಕ್ಕೆ ತೂರ್ಕಂಡ್ರು.

"ನಮ್ಮುಡುಗೀನ ನೀವು ನೋಡಿದ್ರಿ ತಾಯೀ. ಇನ್ನು ನಿಮ್ಮನೆ ನಾವು ನೋಡ್ಬೇಕಲ್ಲ? ಅಡಿಗೆಮನೆಯಿಂದ ತೋರ್ಸಿ."

"ಮುಗೀತು ತಾತಾ, ಸೀಟು ಹೋಯ್ತು" ಅಂತ ಶರ್ಮಿಳಾ ಅಳುಮುಖ ಮಾಡ್ಕಂಡೇ, ತಾತ ಕೇಳಿದ್ದನ್ನ ಮೇಡಮ್ಮಿಗೆ ಇಂಗ್ಲೀಷಲ್ಲಿ ಹೇಳಿದ್ಲು. ಮೇಡಮ್ಮು ಕಣ್ಣು ಪಿಳಿಪಿಳಿ ಬಿಟ್ಟು, ಆಮೇಲೆ ಫೋನ್ ಹಿಡ್ಕಂಡು ಎದ್ದೇಬಿಟ್ರು! ಅಡಿಗೆಮನೆ ಆಯ್ತು, ಹಾಸ್ಟ್ಲಿಗೆ ಬಂದ್ರು. ನೋಡಿದ್ರೆ ಹುಡುಗೀರೆಲ್ಲ ಕಂಬಳಿ ಹೊದ್ಕಂಡು ಓದ್ತಾ ಕುಂತವ್ರೆ.

"ಯಾಕ್ರವ್ವಾ, ಜ್ವರವಾ?" ಅಂದ್ರು ತಾತ.

ರೂಮು ಬೆಚ್ಚಗೆ ಮಾಡೋ ಮಿಷನ್ನು ಕೆಟ್ಟಿತ್ತಂತೆ. ಮೇಡಮ್ಮಿಗೆ ಗೊತ್ತೇ ಇರ್ಲಿಲ್ಲ. ಅಲ್ಲೇ ವಾರ್ಡನ್ನಿಗೆ ಗದರಿದ್ರು ನೋಡಿ, ಆ ರಭಸಕ್ಕೆ ಅರಸೀಕೆರೆ ಸ್ಟೇಷನ್ನಲ್ಲಿ ಹೊರಟಿದ್ದ ರೈಲು ಗಕ್ಕನೆ ನಿಂತ್ಕಂತು.

"ಬೆಚ್ಚಗಾದ್ಮೇಲೆ ಹೇಳಿ, ಕಳುಸ್ತೀನಿ" ಅಂತ ತಾತ ಎಲೆ, ಅಡಿಕೆ, ಕಾಯಿ ಇಟ್ಟ ತಟ್ಟೇನ ಫೋನಿಗೆ ಹಿಡಿದ್ರು. ಆವಮ್ಮಂಗೆ ಏನು ತೋಚ್ತೋ, ಅಲ್ಲಿಂದ ಒಂದು ಸೇಬು ಹಿಡಿದ್ರು. ಮಾತುಕತೆ ಕುದುರ್ತು.

ಕಾಲೇಜಿಂದ ಮೆಸೇಜ್ ಬಂದಾಗ ಶರ್ಮಿಳಾ ಕುಣಿದ ಕುಣಿತಕ್ಕೆ ಅಟ್ಟದ ಕೊಬ್ಬರಿಯೆಲ್ಲ ಕೆಳಗೆ ಬಿತ್ತು. "ಮಿಷನ್ನು ರಿಪೇರಿ ಆಯ್ತು, ತಾತಂಗೆ ಹೇಳು. ಸೀಟು ನಿಂದೇ" ಅಂತಿತ್ತು.

ಏನ್ ಸ್ವಾಮೀ, ನಗ್ತೀರಾ? ಬನ್ನಿ, ಆ ಮೇಡಮ್ಮಿಗೇ ಫೋನ್ ಹಚ್ಚಿ ಕೇಳುಸ್ತೀನಿ. ಮೊದ್ಲು ನನ್ನ ನಂಬರಿಗೊಂದು ರೀಚಾರ್ಜ್ ಹಾಕ್ಸಿ. ಮೂರು ತಿಂಗಳದ್ದೇ ಹಾಕ್ಸಿ, ಆವಮ್ಮ ಫೋನ್ ಎತ್ತೋದು ವಸಿ ನಿಧಾನ.