ಎಡೆ ಮೇಲಿನ ಟ್ಯಾಕೋ

ಚುಂಯ್ — ಕೇಳಿಸ್ತಾ, ಮೀನು ಎಣ್ಣೆಗೆ ಬಿತ್ತು, ಇವತ್ತಿಗೆ ಎರಡನೇ ಸಲ, ಕೇಳ್ಕೊಳ್ಳಿ, ಇಡೀ ಶಿಡ್ಲಘಟ್ಟದಲ್ಲಿ ಸತ್ತೋರನ್ನ ವಾಪಸ್ ಕರೆಸಿ ಊಟ ಹಾಕಿರೋ ಗಂಡು ಒಬ್ನೇ, ಈ ಜಗನ್, ನಾನು ಚಾಕು ಎತ್ತಿದ್ರೆ ಕೋಸು ತಾನೇ ಕೈ ಮೇಲೆತ್ತಿ ಸರೆಂಡರ್ ಆಗುತ್ತೆ, ಡೈಲಾಗ್ ಅಲ್ಲ ಕಣ್ರಪ್ಪ, ನಮ್ಮಕ್ಕ ಗೌತಮಿ ಬಂದ್ಲು, ತಿಂದ್ಲು, ಸಾಕ್ಷಿ ಇದೆ — ತಿರುವು, ಸೀಯುತ್ತೆ — ಪಕ್ಕದ ರೇಷ್ಮೆ ರೀಲಿಂಗ್ ಮನೆಯಿಂದ ಗೂಡು ಬೇಯೋ ವಾಸನೆ, ಅದನ್ನೂ ಹೊಡೆದು ಬೀಳ್ಸುತ್ತೆ ನನ್ನ ಜಿಲೇಬಿ ಮೀನು, ಕೆರೇದು, ಮುಳ್ಳೆಲ್ಲಾ ಬೆರಳಲ್ಲೇ ಹುಡುಕಿ ಕಿತ್ತಿದೀನಿ, ಅಕ್ಕಂಗೆ ಮುಳ್ಳಂದ್ರೆ ಭಯ, ಈಗ ಏನ್ ಭಯ ಬಂತು ಅವ್ಳಿಗೆ, ಆದ್ರೂ ಕಿತ್ತೆ, ಮುಸುಕಿನ ಜೋಳದ ರೊಟ್ಟಿ ಬಿಸೀಲೇ ಲಟ್ಟಣಿಗೆ ಮೇಲೆ ಬಗ್ಗಿಸಿದ್ರೆ ದೋಣಿ ಥರ ನಿಲ್ಲುತ್ತೆ, ಅವ್ಳೇ ಫೋನಲ್ಲಿ ತೋರ್ಸಿದ್ದು, ನೋಡೋ ಜಗ್ಗ, ಫಿಶ್ ಟ್ಯಾಕೋ ಅಂತೆ, ಮೇಲಿನ ಹಸಿ ಕೋಸು ಕರ್ರುಂ ಅನ್ಬೇಕಂತೆ, ಒಂದಿನ ಮಾಡಣ ಕಣೋ, ಅಮ್ಮ ಅಲ್ಲಿಂದ್ಲೇ, ಥೂ, ಮೀನಿಗೆ ಹಸಿ ಕೋಸಾ, ನನ್ನ ಒಲೆ ಮೇಲೆ ಅದೆಲ್ಲಾ ಬೇಡ, ಸೀಬೆಕಾಯಿ ಐತೆ ತಿನ್ನು ಹೋಗು — ಅಕ್ಕ ಕಚ್ಚಿದ ಸೀಬೆಕಾಯಿ, ಮುಂದಿನ ಎರಡು ಹಲ್ಲಿನ ನಡುವೆ ಸಂದು ಅವ್ಳಿಗೆ, ಕಚ್ಚಿದ ಕಡೆ ನಡುವೆ ಒಂದು ಗೆರೆ ಉಳಿಯೋದು, ಸಣ್ಣ ಗೋಡೆ ಥರ, ಗೇಟ್ ತೆಗ್ದೈತೆ ನೋಡ್ರೋ ಅಂತ ನಾನು ಬೀದಿಗೆಲ್ಲಾ ಕೂಗೋನು, ಅದೇ ಸೀಬೆಕಾಯಲ್ಲಿ ಹೊಡೆಯೋಳು, ಗುರಿ ತಪ್ತಾನೇ ಇರ್ಲಿಲ್ಲ.

ಆಮೇಲೆ ಅಕ್ಕಂಗೆ ಜ್ವರ, ಇಂಟರ್ವಲ್ಲೇ ಇಲ್ದೆ ಶುಭಂ, ಹೋದ ವರ್ಷ, ಹನ್ನೊಂದನೇ ದಿನದ ಎಡೆ ಒಂದು ಕಾಗೇನೂ ಮುಟ್ಲಿಲ್ಲ, ಅಮ್ಮ ಅಂದ್ಲು, ಆಸೆ ಇಟ್ಕೊಂಡು ಹೋದ್ಲು, ನಾನೇ ಬೇಡ ಅಂದೆ, ಕೋಪ ಅವ್ಳಿಗೆ ನನ್ ಮೇಲೆ, ಅವತ್ತಿಂದ ತಟ್ಟೆ ಮುಂದೆ ಕೂತು ಅನ್ನ ಕಲಸ್ತಾಳೆ, ಕಲಸ್ತಾಳೆ, ಎದ್ದೋಗ್ತಾಳೆ, ಬಳೆ ಮೊಣಕೈಗೆ ಜಾರುತ್ತೆ, ಈ ಮಾಲಯ ಅಮಾಸೆಗೆ ಅವ್ಳೇ ಬಂದು ಬಾಗಿಲಲ್ಲಿ ನಿಂತು, ಅದೇನೋ ಕೇಳಿದ್ಲಲ್ಲಪ್ಪಾ, ಅದ್ನ ಮಾಡು, ನನ್ನ ಒಲೆ ಮೇಲೇ ಮಾಡು.

ಕೋಸು ಕೂದಲೆಳೆ ಥರ ಹೆಚ್ಚಿ ಮಡಕೆ ತಣ್ಣೀರಲ್ಲಿ ಮುಳುಗಿಸಿಟ್ಟೆ, ಕ್ಯಾರೆಟ್, ಈರುಳ್ಳಿ, ಉಪ್ಪು ನಿಂಬೆ ಮೊಸರು ಕಟ್ಟಕಡೇಗೆ, ಮುಂಚೆ ಹಾಕಿದ್ರೆ ನೀರು ಬಿಟ್ಟು ಮೆತ್ತಗಾಗುತ್ತೆ, ಸದ್ದೇ ಬರಲ್ಲ, ಸದ್ದು ಬರ್ಬೇಕು, ಎಡೇದು ಅಂತ ರುಚಿ ನೋಡೋ ಹಂಗಿಲ್ಲ, ಎಲೆ ಮೇಲೆ ಒಂದೇ ಟ್ಯಾಕೋ, ಫೋಟೋ ಮುಂದೆ, ಫೋಟೋದಲ್ಲಿ ಬಾಯಿ ಮುಚ್ಚಿದಾಳೆ, ಸಂದು ಕಾಣಲ್ಲ, ಬಾಗಿಲು ಎಳೆದು ಎಲ್ರೂ ಆಚೆ, ಬಂದೋರು ಉಣ್ಣೋವಾಗ ಬದುಕಿರೋರು ನೋಡ್ಬಾರ್ದು, ಜಗುಲಿ ಮೇಲೆ ಅಮ್ಮ, ಅಜ್ಜಿ ಗಂಗುಲಮ್ಮ, ನಾನು ಮಾಳಿಗೆ ಮೇಲೆ ಕಾಗೆ ಬಂತಾ ನೋಡ್ತೀನಿ ಅಂತ ಎದ್ದೋದೆ — ಒಳಗಿಂದ ಕರ್ರುಂ. ಅಜ್ಜಿ ಅಮ್ಮನ ಕೈ ಹಿಡ್ಕೊಂಡ್ಲು, ಮೊದ್ಲು ತೆಲುಗಲ್ಲೇ, ಒಚ್ಚಿಂದಮ್ಮಾ, ಪಾಪ ಒಚ್ಚಿಂದಿ, ಮಗು ಬಂತು ಕಣೇ — ನಾನೂ ಓಡಿ ಬಂದೆ, ಬಾಗಿಲು ತೆಗೆದ್ರೆ ರೊಟ್ಟಿ ಕಚ್ಚಿದೆ, ಕಚ್ಚಿದ ನಡುವೆ ಗೆರೆ. ಅಮ್ಮ ಗೆರೆ ಮೇಲೆ ಬೆರಳಿಟ್ಲು, ತೆಗೀಲೇ ಇಲ್ಲ, ಆಮೇಲೆ ನನ್ ಕಡೆ ತಿರುಗಿ ಅಂಗಿ ಕಾಲರ್ ಮೇಲಿಂದ ಒಂದೆಳೆ ಕೋಸು ತೆಗೆದ್ಲು, ಬಾಯಿಗೆ ಹಾಕ್ಕೊಂಡ್ಲು, ಕೂತ್ಲು, ಟ್ಯಾಕೋ ಎತ್ಕೊಂಡ್ಲು, ಕರ್ರುಂ ಕರ್ರುಂ, ಉಪ್ಪು ಕಮ್ಮಿ ಆಯ್ತು ಕಣೋ, ಇನ್ನೊಂದು ಹಾಕು — ಇಲ್ಲ ಕಣ್ರಪ್ಪ, ಯಾರೂ ಬಂದಿಲ್ಲ, ಅಕ್ಕ ಬರ್ಲಿಲ್ಲ, ಹಿತ್ತಲ ಬಾಗಿಲಿಂದ ನುಗ್ಗಿದ್ದು ನಾನು, ಈ ಕಡೆ ಒಂದು ಕಚ್ಚಿದೆ, ಆ ಕಡೆ ಒಂದು ಕಚ್ಚಿದೆ, ನಡುವೆ ಮಾತ್ರ ಹಲ್ಲು ತಾಗಿಸ್ಲಿಲ್ಲ, ಅಮ್ಮಾನೂ ತಾಗಿಸ್ಲಿಲ್ಲ, ಸುತ್ತ ಎಲ್ಲಾ ತಿಂದು ಎಲೆ ಮೇಲೆ ಅದೊಂದನ್ನ ಉಳಿಸಿದಾಳೆ, ರೊಟ್ಟಿ ಚೂರು, ಸಣ್ಣ ಗೋಡೆ, ಗೇಟ್ ತೆಗ್ದೈತೆ — ಆ ಗೆರೆ —