ಮಾದರಿಗೆ ಇಟ್ಟ ಹಲ್ಲು

ನನ್ನ ಅಡುಗೆಮನೆಯ ಮೇಜಿನ ಮೇಲೆ ಯಾರದೋ ಬೆಕ್ಕಿನ ಮೀಸೆಯೊಂದು ಬಿದ್ದಿತ್ತು. ದಾರದ ಚೂರಿರಬೇಕೆಂದು ನಾನು ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಸಿಂಕಿನಲ್ಲಿ ಹಿಂಡಿ, ಅದೇ ಮೇಜಿನ ಮೇಲೆ ಊಟಕ್ಕೆ ತಟ್ಟೆ ಇಟ್ಟೆ.

ನಾದಿನಿ ಬಂದವಳೇ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಅಡಿಯಲ್ಲಿ ನೋಡತೊಡಗಿದಳು.

“ಅತ್ತಿಗೆ, ಇಲ್ಲೊಂದು ಮೀಸೆ ಇಟ್ಟಿದ್ದೆ.”

“ಏನಿಟ್ಟಿದ್ದೆ?”

“ಮೀಸೆ. ಮೂಲೆಮನೆ ಟೀಚರಮ್ಮಂದು.”

ನನ್ನ ಗಂಡನ ತುತ್ತು ಬಾಯಿಯ ಹತ್ತಿರವೇ ನಿಂತಿತು. “ಟೀಚರಮ್ಮಂಗೆ ಮೀಸೆ ಯಾವಾಗ ಬಂತೇ?”

“ಅವರ ಬೆಕ್ಕಿಂದು ಅಣ್ಣ. ಮೊನ್ನೆ ಸತ್ತುಹೋಯ್ತಲ್ಲ, ಆ ಬೂದು ಬೆಕ್ಕು. ಒಂದೇ ಒಂದು ಮೀಸೆ ಉಳಿಸ್ಕೊಂಡಿದ್ರು, ಪಾಪ, ಪದಕದೊಳಗೆ ಹಾಕಿಸ್ಕೊಳ್ಳೋಕೆ. ಈಗ ನಾನು ಅವರಿಗೇನು ಹೇಳ್ಲಿ?”

ಅವರು ತುತ್ತನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, ಮೆಲ್ಲಗೆ ತಟ್ಟೆಗೇ ಇಳಿಸಿ ಎದ್ದುಹೋದರು.

ಮರುದಿನ ನಾದಿನಿ ಉಜ್ಜುವ ಬ್ರಷ್ಷಿನಿಂದ ಒಂದು ಬಿಳಿ ಎಳೆ ಕಿತ್ತು, ಅದನ್ನೇ ಸರಕ್ಕೆ ಹಾಕುವ ಪದಕದಲ್ಲಿ ಕೂರಿಸಿದಳು. ಟೀಚರಮ್ಮ ಬಾಗಿಲಲ್ಲೇ ನಿಂತು ಆ ಪದಕವನ್ನು ಕೆನ್ನೆಗೆ ಒತ್ತಿಕೊಂಡು ಗಳಗಳನೆ ಅತ್ತರು. ಆಮೇಲೆ ತುಟಿಗೂ ಒತ್ತಿಕೊಂಡರು. ಆ ಬ್ರಷ್ಷಿನಲ್ಲಿ ನಾನು ಬಚ್ಚಲಿನ ಮೂಲೆ ತಿಕ್ಕುತ್ತಿದ್ದೆ.

ಇದು ಶುರುವಾದದ್ದು ಹೂವಿನಿಂದ. ನಾದಿನಿ ಗಂಡನ ಮನೆ ಬಿಟ್ಟು ನಮ್ಮಲ್ಲಿಗೆ ಬಂದಾಗ ತಿಂಗಳುಗಟ್ಟಲೆ ಕೋಣೆಯ ಪರದೆ ಸರಿಸಿರಲಿಲ್ಲ. ತಲೆ ಬಾಚಿಕೊಳ್ಳುತ್ತಿರಲಿಲ್ಲ, ಕರೆದರೆ ಊಟಕ್ಕೆ ಬರುತ್ತಿದ್ದಳು, ಕರೆಯದಿದ್ದರೆ ಇಲ್ಲ. ನಾನು ಹಿತ್ತಲಿನ ಹಳದಿ ಹೂಗಳನ್ನು ಹಳೆಯ ಪತ್ರಿಕೆಯ ನಡುವೆ ಒಣಗಿಸಿ ಅವಳ ಮುಂದಿಟ್ಟು, “ಇದರಿಂದ ಏನಾದ್ರೂ ಮಾಡೇ” ಎಂದಿದ್ದೆ. ಅವಳು ಎಲ್ಲಿಂದಲೋ ರೆಸಿನ್ ತರಿಸಿದಳು. ಎರಡು ಬಾಟಲಿಯ ದ್ರವ ಬೆರೆಸಿ ಅಚ್ಚಿಗೆ ಸುರಿದರೆ ಗಾಜಿನಂತೆ ಗಟ್ಟಿಯಾಗುತ್ತದೆ. ಮೊದಲ ಪದಕದಲ್ಲಿ ಹಳದಿ ಹೂವು ನೀರಲ್ಲಿ ತೇಲುತ್ತಿರುವ ಹಾಗಿತ್ತು. ಅದನ್ನು ಕಿಟಕಿಗೆ ತೂಗುಹಾಕಲೆಂದು ಅವಳೇ ಪರದೆ ಸರಿಸಿದಳು. ಆ ಬೆಳಕು ನನಗೆ ಇನ್ನೂ ನೆನಪಿದೆ. ಅದಕ್ಕೇ ಮುಂದೆ ಅವಳು ಏನೇನು ತಂದು ಮೇಜಿನ ಮೇಲೆ ಹರವಿದರೂ ಬೇಡ ಅನ್ನಲು ನನಗೆ ನಾಲಿಗೆ ಏಳುತ್ತಿರಲಿಲ್ಲ.

ಚಳಿಗಾಲದ ಕರಕುಶಲ ಮೇಳದಲ್ಲಿ ನಾವಿಬ್ಬರೂ ಒಂದೇ ಮೇಜು ಹಿಡಿಯುತ್ತಿದ್ದೆವು. ಅರ್ಧದಲ್ಲಿ ನನ್ನ ಉಣ್ಣೆಯ ಕಾಲುಚೀಲ, ಇನ್ನರ್ಧದಲ್ಲಿ ಅವಳ ಹೂವಿನ ಪದಕ. ಹೋದ ಸಲ ಯಾರೋ ಒಬ್ಬಾಕೆ ಬಂದು, ಹೂವಿನ ಬದಲು ತನ್ನ ನಾಯಿಯ ಕೂದಲು ಹಾಕಿಕೊಡುತ್ತೀರಾ ಎಂದು ಕೇಳಿದಳು. ಅಷ್ಟೇ. ಬಾಯಿಂದ ಬಾಯಿಗೆ ಹಬ್ಬಿತು. ಮನೆಗೆ ಪೊಟ್ಟಣಗಳು ಬರತೊಡಗಿದವು. ಕೂದಲಿನ ಸುರುಳಿ, ಗಿಣಿಯ ಉಗುರು, ಮಕ್ಕಳ ಹಾಲುಹಲ್ಲು. ಒಬ್ಬರು ತೀರಿಹೋದ ಮಾವನ ಕಟ್ಟುಹಲ್ಲಿನ ಸೆಟ್ಟನ್ನೇ ಇಡಿಯಾಗಿ ಕಳಿಸಿ, ಮುಂದಿನದೊಂದನ್ನು ಕಿತ್ತುಕೊಂಡು ಉಳಿದದ್ದು ವಾಪಸ್ ಕಳಿಸಿ ಎಂದಿದ್ದರು. ಅದು ಒಂದು ವಾರ ನಮ್ಮ ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಕೂತು ನಗುತ್ತಿತ್ತು.

ಒಬ್ಬ ಬಸ್ ಕಂಡಕ್ಟರ್ ಖುದ್ದಾಗಿ ಬಂದ. ಜೇಬಿನಿಂದ ಮಾತ್ರೆಯ ಸಣ್ಣ ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ಒಳಗೆ ಕಂದು ಬಣ್ಣದ ಮುಳ್ಳುಮುಳ್ಳಾದ ಒಂದು ಕಲ್ಲು.

“ನನ್ನ ಕಿಡ್ನಿದು,” ಎಂದ ಹೆಮ್ಮೆಯಿಂದ. “ಆಪರೇಷನ್ ಗಿಪರೇಷನ್ ಇಲ್ಲ. ತಾನಾಗೇ ಬಂತು.”

“ಇದನ್ನೇನು ಮಾಡೋಣ ಅಣ್ಣಾ?” ಎಂದು ಕೇಳಿದೆ.

“ಉಂಗುರ ಮಾಡ್ಕೊಡಿ. ಮನೆಯವಳಿಗೆ. ಕಲ್ಲಿನ ಉಂಗುರ ಬೇಕು ಅಂತ ಮದುವೆಯಾದಾಗಿಂದ ಪ್ರಾಣ ತಿಂತಾವಳೆ.”

ನಾದಿನಿ ಕಲ್ಲನ್ನು ಚಿಮಟಿಗೆಯಲ್ಲಿ ಹಿಡಿದು, ಗಂಭೀರವಾಗಿ, “ಚೆನ್ನಾಗಿ ಒಣಗಿಸ್ಬೇಕು, ತೇವ ಇದ್ರೆ ಒಳಗೇ ಕೊಳೆಯುತ್ತೆ,” ಎಂದಳು. ಆ ಚಿಮಟಿಗೆಯನ್ನು ನಾನು ಗುರುತಿಸಿದೆ. ನನ್ನ ಮಗಳ ಕಾಲಿನ ಮುಳ್ಳು ತೆಗೆಯುವಂಥದ್ದು. ಅವನು ಹೋದ ಮೇಲೆ ಅದನ್ನು ಕುದಿಯುವ ನೀರಿಗೆ ಹಾಕಿದೆ. ಸಾಲದೆನ್ನಿಸಿ ಹೊರಗೆ ಎಸೆದೆ.

ಈ ವರ್ಷ ಮೇಳದ ಮೇಲ್ವಿಚಾರಕಿ ಹೊಸ ನಿಯಮ ಮಾಡಿದ್ದಳು. ಒಂದು ಮೇಜಿನಲ್ಲಿ ಒಂದೇ ಬಗೆಯ ಸಾಮಾನು, ಕಲಸುಮೇಲೋಗರ ಬೇಡ. ಬೇಸಿಗೆಯಿಂದ ನಾನು ಒಲೆಯ ಮುಂದೆ, ಮಗಳ ಶಾಲೆಯ ಗೇಟಿನ ಮುಂದೆ, ಎಲ್ಲಿ ಕಾಯಬೇಕೋ ಅಲ್ಲೆಲ್ಲ ಕಡ್ಡಿ ಹಿಡಿದು ಹೆಣೆದ ಕಾಲುಚೀಲಗಳು ಕಪಾಟಿನ ಅಡಿಯಲ್ಲಿ ಒಂದು ಚೀಲದ ತುಂಬ ಇದ್ದವು. ಹಿಮ್ಮಡಿಯನ್ನು ಎರಡು ಎಳೆಯಲ್ಲಿ ತಿರುಗಿಸಿ ಹೆಣೆಯುವುದು ನನ್ನ ತಾಯಿಯಿಂದ ಕಲಿತದ್ದು. ಎಷ್ಟು ಒಗೆದರೂ ಅಲ್ಲಿ ತೂತು ಬೀಳುವುದಿಲ್ಲ.

“ಕಾಲುಚೀಲ ಯಾರು ನೋಡ್ತಾರೆ ಅತ್ತಿಗೆ?” ಎಂದಳು ನಾದಿನಿ. “ಜನ ಮುಟ್ಟಿ ನೋಡಿ, ಚೆನ್ನಾಗಿದೆ ಅಂತಾರೆ, ಮುಂದೆ ಹೋಗ್ತಾರೆ. ನಂದರ ಮುಂದೆ ನಿಂತ್ರೆ ಅಳ್ತಾರೆ.”

“ಅಳಿಸೋದೂ ಒಂದು ಕಸುಬೇನೇ?”

“ನಂಗೆ ಬರೋದು ಇದೊಂದೇ.” ಅವಳ ದನಿ ಸಣ್ಣದಾಯಿತು. “ಮೊದಲನೇ ಸಲ ಜನ ನನ್ನ ಹುಡುಕ್ಕೊಂಡು ಬರ್ತಿದಾರೆ.”

ನಾನು ಕಾಲುಚೀಲದ ಚೀಲಕ್ಕೆ ಗಂಟು ಹಾಕಿ, “ಆಯ್ತು, ನಿಂದೇ ಇಡೋಣ. ಇದು ಮೇಜಿನ ಕೆಳಗಿರ್ಲಿ,” ಎಂದೆ. ಗಂಟು ಬಿಗಿಯುವಾಗ ಮಾತ್ರ ಕೈ ಸ್ವಲ್ಪ ಜೋರಾಯಿತು.

ಮೇಳದ ದಿನ ಶಾಲೆಗೆ ರಜೆಯಿದ್ದುದರಿಂದ ಮಗಳು ಗುಬ್ಬಿಯೂ ನಮ್ಮ ಜೊತೆ ಬಂದಳು. ಅವಳ ಮೇಲಿನ ಹಲ್ಲೊಂದು ಅಲುಗಾಡುತ್ತಿತ್ತು. ನಾಲಿಗೆಯಲ್ಲಿ ಅದನ್ನು ಹಿಂದೆ ಮುಂದೆ ತಳ್ಳುತ್ತಾ ಕೂತಿದ್ದಳು. ದಾರಿಯುದ್ದಕ್ಕೂ ನಾದಿನಿಯ ಕಣ್ಣು ಆ ಹಲ್ಲಿನ ಮೇಲೆಯೇ ಇತ್ತು.

“ಬಿದ್ರೆ ಅತ್ತೆಗೆ ಕೊಡ್ತೀಯಲ್ಲ, ಬಂಗಾರಿ?”

“ಚಾಕೊಲೇಟ್ ಕೊಟ್ರೆ,” ಎಂದಳು ಗುಬ್ಬಿ. “ಹೋದ್ಸಲದ ಹಾಗೆ.”

ಹೋದ ಸಲ ಎಂದರೆ ಯಾವುದು ಎಂದು ಕೇಳುವಷ್ಟರಲ್ಲಿ ಬಸ್ಸು ನಿಂತಿತು.

ಮೇಳವಿದ್ದದ್ದು ಎತ್ತರದ ಚಾವಣಿಯ ದೊಡ್ಡ ಹಾಲಿನಲ್ಲಿ. ನಮ್ಮ ಒಂದು ಬದಿಗೆ ಮರದ ಸೌಟು ಕೆತ್ತುವವನು, ಇನ್ನೊಂದು ಬದಿಗೆ ಜೇನುಮೇಣದ ಬತ್ತಿಯವಳು. ಆ ಮೇಣದ ವಾಸನೆ ಎಷ್ಟು ಹಿತವಾಗಿತ್ತೆಂದರೆ ನಾನು ಆ ಬದಿಗೇ ಕುರ್ಚಿ ಎಳೆದುಕೊಂಡೆ. ನಾದಿನಿ ಕಪ್ಪು ಬಟ್ಟೆ ಹಾಸಿ ಕೂದಲು, ಉಗುರು, ಹಲ್ಲುಗಳನ್ನು ಸಾಲಾಗಿ ಜೋಡಿಸಿದಳು. ಅರ್ಧ ಮಾದರಿಗೆ, ಉಳಿದದ್ದು ಅವರವರಿಗೆ ಒಪ್ಪಿಸಲು.

ಸೌಟಿನವನು ಬಗ್ಗಿ ನೋಡಿ, “ಏನಕ್ಕಾ ಇದು, ಪೊಲೀಸರು ಪಂಚನಾಮೆಗೆ ಇಟ್ಟಂಗಿದೆ?” ಎಂದ. ನನಗೆ ನಗು ತಡೆಯಲಾಗಲಿಲ್ಲ. ನಾದಿನಿ ಕಣ್ಣು ಕೆಂಪಗೆ ಮಾಡಿದಳು.

ಮಧ್ಯಾಹ್ನದ ಹೊತ್ತಿಗೆ ಹಸಿರು ಕೋಟಿನ ಹೆಂಗಸೊಬ್ಬಳು ಜನರನ್ನು ಮೊಣಕೈಯಲ್ಲಿ ಸರಿಸಿಕೊಂಡು ನೇರ ನಮ್ಮ ಮೇಜಿಗೆ ಬಂದಳು. ಕತ್ತಿನಿಂದ ಸರ ಕಿತ್ತು ಮೇಜಿನ ಮೇಲೆ ಕುಕ್ಕಿದಳು.

“ನೋಡಿ ಏನಾಗಿದೆ! ನನ್ನ ಮಗನ ಹಲ್ಲು ಕೊಳೆಸಿಬಿಟ್ರಿ!”

ನಾದಿನಿ ಕೈ ಚಾಚುವ ಮೊದಲೇ ನಾನು ಎತ್ತಿಕೊಂಡೆ. ಪದಕ ಮೈಬಿಸಿಗೆ ಬೆಚ್ಚಗಿತ್ತು, ಬೆವರಿನಿಂದ ಅಂಟಂಟಾಗಿತ್ತು, ಅಗ್ಗದ ಸೆಂಟಿನ ಘಾಟು ಬಡಿಯಿತು. ರೆಸಿನ್ನಿನ ಒಳಗೆ ಹಳದಿ ಮಂಜು ಕವಿದಂತಾಗಿತ್ತು. ಹಲ್ಲಿನ ಬುಡದಲ್ಲಿ ಕಂದು ಕೀವಿನಂಥ ಗುಳ್ಳೆಗಳೆದ್ದಿದ್ದವು. ತೊಳೆದವಳು ಸರಿಯಾಗಿ ಒಣಗಿಸದೆ ಅಚ್ಚಿಗೆ ಹಾಕಿದ್ದಿರಬೇಕು. ಕೆಳಗಿಡಬೇಕು ಅನ್ನುವಷ್ಟರಲ್ಲಿ ಹಲ್ಲಿನ ತುದಿ ಕಂಡಿತು. ಎಡಮೂಲೆ ಓರೆಯಾಗಿ ಚಕ್ಕೆ ಎದ್ದಿತ್ತು.

ಗುಬ್ಬಿ ನಡೆಯಲು ಕಲಿತ ಹೊಸತರಲ್ಲಿ ನಲ್ಲಿಯ ಕಟ್ಟೆಗೆ ಮುಖ ಅಪ್ಪಳಿಸಿ ಬಿದ್ದಿದ್ದಳು. ಅವಳು ನಗುವಾಗಲೆಲ್ಲ ವರ್ಷಾನುಗಟ್ಟಲೆ ನಾನು ನೋಡಿದ ಓರೆ ಅದು. ಆ ಹಲ್ಲು ಬಿದ್ದ ದಿನ ಹತ್ತಿಯಲ್ಲಿ ಸುತ್ತಿ ಹೊಲಿಗೆಯ ಡಬ್ಬಿಯಲ್ಲಿಟ್ಟಿದ್ದೆ. ಹೋದ ತಿಂಗಳ ಸಣ್ಣ ಮೇಳಕ್ಕೆ ಗುಬ್ಬಿಗೆ ಜ್ವರವೆಂದು ನಾನು ಹೋಗಿರಲಿಲ್ಲ. ನಾದಿನಿ ಒಬ್ಬಳೇ ಹೋಗಿದ್ದಳು.

ಗುಬ್ಬಿ ನನ್ನ ತೋಳಿಗೆ ಜೋತುಬಿದ್ದು ನೋಡಿದಳು. “ಅಯ್ಯೋ, ಅಮ್ಮ, ಅದು ನನ್ನ ಹಲ್ಲು! ನಿನ್ನ ಹೊಲಿಗೆ ಡಬ್ಬಿಯಿಂದ ತೆಗೆದು ಅತ್ತೆಗೆ ಕೊಟ್ಟಿದ್ದೆ. ಥೂ, ಯಾಕಿಷ್ಟು ಗಲೀಜಾಗಿದೆ?”

ಬತ್ತಿಯವಳು, ಸೌಟಿನವನು, ಕೊಳ್ಳಲು ನಿಂತವರು, ಎಲ್ಲರೂ ಪದಕದತ್ತ ಬಗ್ಗಿದರು.

“ಮಾದರಿಗೆ ಅಂತ ಇಟ್ಟಿದ್ದೆ ಅತ್ತಿಗೆ,” ನಾದಿನಿ ಪಿಸುಗುಟ್ಟಿದಳು. “ಇವರು ಬಿಡ್ಲೇ ಇಲ್ಲ. ಇದೇ ಬೇಕು ಅಂದ್ರು.”

“ಯಾರದು ಅಂತ ಗೊತ್ತಿಲ್ದೆ ಕತ್ತಿಗೆ ಹಾಕ್ಕೊಂಡ್ರಾ?” ಎಂದು ನಾನು ಆ ಹೆಂಗಸನ್ನು ಕೇಳಿದೆ.

ಅವಳ ಸಿಟ್ಟು ಜರ್ರನೆ ಇಳಿದುಹೋಯಿತು. “ನನ್ನ ಮಗಂದೂ ಹೀಗೇ ಇತ್ತು, ಸಣ್ಣದಾಗಿ,” ಎಂದಳು. “ನಾನು ಒಂದೂ ಎತ್ತಿಟ್ಟಿರ್ಲಿಲ್ಲ. ಈಗ ಅವನು ನನ್ನೆತ್ತರ, ಗಡ್ಡ ಬೇರೆ. ಎಲ್ರೂ ಕೇಳ್ತಾರೆ, ನಿಮ್ಮ ಮಗಂದಾ ಅಂತ. ಹೂಂ ಅಂತೀನಿ. ಹೇಳಿ ಹೇಳಿ ನಂಗೇ ಹಾಗನ್ಸೋಕೆ ಶುರುವಾಗಿತ್ತು.”

ಅವಳ ಮೇಲೆ ಕರುಣೆ ಹುಟ್ಟಬೇಕಿತ್ತು, ಹುಟ್ಟಿತು ಕೂಡ. ಅಷ್ಟರಲ್ಲಿ ಅವಳು ಮೇಜಿನ ಮೇಲಿನ ಸಾಲಿನತ್ತ ಬಗ್ಗಿ, ತರಕಾರಿ ಆರಿಸುವ ಹಾಗೆ ಬೆರಳಾಡಿಸುತ್ತಾ, “ಹೋಗ್ಲಿ, ಬೇರೆ ಯಾವುದಾದ್ರೂ ಇದೆಯಾ? ಇಷ್ಟು ಚಿಕ್ಕದು, ಬಿಳೀದು?” ಎಂದಳು.

ನಾದಿನಿ ಮೇಜಿನತ್ತ ನೋಡಲಿಲ್ಲ. ಗುಬ್ಬಿಯ ಬಾಯಿಯನ್ನು ನೋಡಿದಳು.

ಒಂದು ಕ್ಷಣವೂ ಇರಲಿಕ್ಕಿಲ್ಲ ಆ ನೋಟ. ಆದರೆ ಮಾಗಿದೆಯೋ ಇಲ್ಲವೋ ಎಂದು ಕೊಂಬೆಯಲ್ಲಿನ ಹಣ್ಣನ್ನು ನೋಡುವಂಥ ನೋಟ.

“ಇಲ್ಲ,” ಎಂದೆ. “ಯಾವುದೂ ಇಲ್ಲ.”

ಕಪ್ಪು ಬಟ್ಟೆಯ ನಾಲ್ಕೂ ಮೂಲೆ ಒಟ್ಟಿಗೆ ಎತ್ತಿದೆ. ಹಲ್ಲು, ಉಗುರು, ಕೂದಲು, ಕಂಡಕ್ಟರನ ಉಂಗುರ, ಎಲ್ಲವೂ ಗಲಗಲನೆ ನಡುವಿಗೆ ಉರುಳಿದವು. ಗಂಟು ಕಟ್ಟಿ ನಾದಿನಿಯ ಮಡಿಲಲ್ಲಿಟ್ಟೆ.

“ಅತ್ತಿಗೆ, ಏನ್ ಮಾಡ್ತಿದೀರಾ! ಜನ ನಿಂತಿದಾರೆ!”

“ಯಾರ್ಯಾರದು ಬಾಕಿ ಇದೆಯೋ ಅವರವರಿಗೆ ಕೊಟ್ಟು ಕೈ ತೊಳ್ಕೋ. ಸೋಪು ಹಾಕಿ ತೊಳ್ಕೋ. ಟೀಚರಮ್ಮಂಗೆ ನಿಜ ಹೇಳು. ನಾಳೆಯಿಂದ ಇದು ನಮ್ಮ ಮನೆಗೆ ಬರೋದಿಲ್ಲ.”

“ಹಾಗಾದ್ರೆ ನಾನೇನು ಮಾಡ್ಲಿ?” ಅವಳ ಕಣ್ಣು ತುಂಬಿತು. ಪರದೆ ಸರಿಸದ ದಿನಗಳ ಮುಖ ಮತ್ತೆ ಕಂಡಿತು. ಆದರೂ ಗಂಟು ಬಿಚ್ಚಲಿಲ್ಲ.

“ಹಿತ್ತಲಲ್ಲಿ ಹೂವಿದೆ ಕಣೇ. ಇಲ್ಲಾ, ಹಿಮ್ಮಡಿ ತಿರುಗಿಸೋದು ಹೇಳ್ಕೊಡ್ತೀನಿ. ಈಗ ಆ ಚೀಲ ಎತ್ತಿಕೊಡು.”

ಅವಳು ಮಡಿಲಿನ ಗಂಟನ್ನು ಕುರ್ಚಿಯ ಮೇಲಿಟ್ಟಳು. ಆಮೇಲೆ ಬಗ್ಗಿ ಮೇಜಿನ ಕೆಳಗಿನಿಂದ ಕಾಲುಚೀಲದ ಚೀಲ ಎಳೆದು, ನನ್ನ ಮುಖ ನೋಡದೆ, ಕುಕ್ಕಿದಳು. ಬೇಸಿಗೆಯಲ್ಲಿ ಹೆಣೆದ ಕೆಂಪು, ನೀಲಿ, ಬೂದು ಜೋಡಿಗಳನ್ನು ಬರಿಯ ಹಲಗೆಯ ಮೇಲೆ ಹರವಿದೆ. ನಿಂತಿದ್ದವರಲ್ಲಿ ಹೆಚ್ಚಿನವರು ಚದುರಿಹೋದರು. ಒಬ್ಬ ಮುದುಕ ಬೂದು ಜೋಡಿಯೊಂದನ್ನು ಮುಟ್ಟಿ, ಚೆನ್ನಾಗಿದೆ ಎಂದು, ಮುಂದೆ ಹೋದ.

ಹಸಿರು ಕೋಟಿನವಳು ಇನ್ನೂ ನಿಂತಿದ್ದಳು. “ಅದು...” ಎಂದು ನನ್ನ ಕೈಯಲ್ಲಿದ್ದ ಪದಕ ತೋರಿಸಿದಳು. ನಾನು ಗುಬ್ಬಿಯ ಕಡೆ ನೋಡಿದೆ.

“ನಂಗೆ ಬೇಡಪ್ಪ, ಥೂ,” ಎಂದಳು ಅವಳು.

ನನಗೂ ಬೇಡವಾಗಿತ್ತು. ಹತ್ತಿಯಲ್ಲಿ ಸುತ್ತಿಟ್ಟ ಹಲ್ಲು ಅದಾಗಿರಲಿಲ್ಲ. ಅದನ್ನು ಮತ್ತೆ ಆ ಡಬ್ಬಿಗೆ ಹಾಕಲು ನನ್ನಿಂದಾಗುತ್ತಿರಲಿಲ್ಲ. ಹಾಗಂತ ಇನ್ನೊಬ್ಬರ ಕತ್ತಿಗೆ ಕೊಡಲೂ ಆಗಲಿಲ್ಲ. ಮೂಲೆಯ ಕಸದ ಡಬ್ಬಿಯವರೆಗೆ ಹೋಗಿ ಹಾಕಿ ಬಂದೆ. ಹಸಿರು ಕೋಟಿನವಳು ಅದನ್ನೇ ನೋಡುತ್ತಾ ನಿಂತು, ಆಮೇಲೆ ಹೊರಟುಹೋದಳು.

ನಲ್ಲಿಯಲ್ಲಿ ಕೈ ತೊಳೆದು ಬಂದು ಕೂತೆ. ಬತ್ತಿಯವಳು ಒಂದು ಬತ್ತಿ ನನ್ನ ಕಡೆ ಸರಿಸಿದಳು. ಮೂಗಿನ ಹತ್ತಿರ ಹಿಡಿದು ಉಸಿರೆಳೆದುಕೊಂಡೆ.

“ಅಮ್ಮಾ!” ಗುಬ್ಬಿ ಬಾಯಿ ಮುಚ್ಚಿಕೊಂಡು ಓಡಿಬಂದಳು. ನನ್ನ ಅಂಗೈ ಬಿಡಿಸಿ, ಅದರಲ್ಲಿ ಉಗಿದಳು. ಜೊಲ್ಲು, ರಕ್ತ, ಬ್ರೆಡ್ಡಿನ ಚೂರು, ನಡುವೆ ಬಿಸಿಬಿಸಿಯಾದ ಹಲ್ಲು. ಬೆರಳ ಸಂದಿನಿಂದ ನನ್ನ ಸೀರೆಗೆ ಸೋರಿತು. ಬೆಳಗ್ಗೆಯಿಂದ ಮೊದಲ ಬಾರಿಗೆ ನನಗೆ ಏನೂ ಹೇಸಿಗೆಯೆನ್ನಿಸಲಿಲ್ಲ. ಸೆರಗಿನಿಂದ ಅವಳ ತುಟಿ ಒರೆಸಿದೆ.

ತಲೆಯೆತ್ತಿದಾಗ ನಾದಿನಿ ನೋಡುತ್ತಿದ್ದಳು. ಮುಷ್ಟಿ ಮುಚ್ಚಿದೆ.

“ನಾನೇನೂ ಕೇಳ್ಲಿಲ್ಲ ಅತ್ತಿಗೆ,” ಎಂದಳು ಮೂಗೆಳೆಯುತ್ತಾ. ಆಮೇಲೆ, ಯಾರನ್ನೋ ಬೈಯುವ ದನಿಯಲ್ಲಿ, “ನೀಲಿ ಜೋಡಿ ಮುಂದಕ್ಕೆ ಇಡಿ. ಅಲ್ಲಿಟ್ರೆ ಯಾರಿಗೆ ಕಾಣುತ್ತೆ?” ಎಂದಳು.